ತೋಟದ ಜೀಪಿನ ಹಬ್ ಲಾಕ್: ಕೈಯಲ್ಲಿ ತಿರುಗಿಸುವುದೋ, ಆಟೋ ಹಬ್ಬೋ?

ಲಿವರ್ ಫೋರ್‌ವೀಲ್‌ಗೆ ಬಿದ್ದಿದೆ, ಆದರೂ ಜೀಪು ಹಿಂದಿನ ಚಕ್ರಗಳಲ್ಲೇ ಕೆಸರು ಎರಚುತ್ತ ನಿಂತಿದೆ. ಆಗ ಮೊದಲು ನೋಡಬೇಕಾದ್ದು ಮುಂದಿನ ಎರಡೂ ಹಬ್‌ಗಳನ್ನು. ಹಬ್ ಎಂದರೆ ಚಕ್ರದ ನಡುವಿನ ಭಾಗ; ಅದನ್ನು ಲಾಕ್ ಮಾಡಿದರೆ ಚಕ್ರವು ಅದನ್ನು ತಿರುಗಿಸುವ ಆಕ್ಸಲ್ ದಂಡಕ್ಕೆ ಕೂಡಿಕೊಳ್ಳುತ್ತದೆ, ಫ್ರೀ ಮಾಡಿದರೆ ಬಿಡಿಯಾಗಿ ಉರುಳುತ್ತದೆ. ಒಂದು ಬದಿಯ ಹಬ್ ಲಾಕ್ ಆಗದಿದ್ದರೂ ಸಾಕು, ಎರಡೂ ಬದಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ತನ್ನ ಶಕ್ತಿಯನ್ನೆಲ್ಲ ಆ ಬದಿಯ ಖಾಲಿ ಆಕ್ಸಲ್ ತಿರುಗಿಸುವುದಕ್ಕೇ ಕೊಡುತ್ತದೆ. ಮುಂದಿನ ಎರಡು ಚಕ್ರಗಳೂ ದಂಡವಾಗುತ್ತವೆ.

ಜಿಪ್ಸಿಯಂಥ ಹಳೆಯ ಗಾಡಿಗಳಲ್ಲಿ ಹಬ್ಬಿನ ಮೇಲೆ ಫ್ರೀ, ಲಾಕ್ ಎಂದು ಬರೆದ ಗುಂಡಿ ಇರುತ್ತದೆ. ಗಾಡಿ ನಿಲ್ಲಿಸಿ, ಎರಡೂ ಬದಿ ಕೊನೆಯ ತನಕ ತಿರುಗಿಸಿ, ಆಮೇಲೆ ಲಿವರ್ ಹಾಕಿ. ಅರ್ಧಕ್ಕೆ ಬಿಟ್ಟರೆ ಒಳಗಿನ ಹಲ್ಲು ಸವೆಯುತ್ತದೆ. ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ. ಗಾಡಿಯನ್ನು ಅರ್ಧ ಅಡಿ ಹಿಂದೆ ಮುಂದೆ ಮಾಡಿದರೆ ಹಲ್ಲು ಹಲ್ಲಿಗೆ ಕೂತು ಗುಂಡಿ ತಾನೇ ತಿರುಗುತ್ತದೆ.

ಹಬ್ ಫ್ರೀ ಇದ್ದಾಗ ಫೋರ್ ಲೋ (ಫೋರ್‌ವೀಲಿನ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ ಏರು ಹತ್ತಿಸುವುದು ದುಬಾರಿ ತಪ್ಪು. ಅಷ್ಟೂ ಎಳೆತ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಶಾಫ್ಟ್ ಮುರಿಯಬಹುದು. ಅದೇ, ಹಬ್ ಲಾಕ್ ಇಟ್ಟು ಟೂ ವೀಲ್‌ನಲ್ಲಿ ಓಡಿಸಿದರೆ ಸ್ವಲ್ಪ ಡೀಸೆಲ್ಲೋ ಪೆಟ್ರೋಲೋ ಹೆಚ್ಚು ಹೋಗುತ್ತದೆ, ಅಷ್ಟೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದೊಳಗೇ ಓಡಾಡುವ ಜೀಪಿಗೆ ಬೆಳಿಗ್ಗೆಯೇ ಲಾಕ್ ಮಾಡಿಬಿಡಿ. ಹೂತ ಮೇಲೆ ಇಳಿದು, ಕಾಲಿಗೆ ಇಂಬಳ ಹತ್ತಿಸಿಕೊಂಡು, ಕೆಸರಲ್ಲಿ ಮುಚ್ಚಿಹೋದ ಗುಂಡಿ ತಡಕುವ ಪಾಡು ತಪ್ಪುತ್ತದೆ. ಮಡಿಕೇರಿಯ ಟಾರು ರಸ್ತೆಗೆ ಬಂದಾಗ ಲಿವರ್ ಮಾತ್ರ ಟೂ ವೀಲ್‌ಗೆ ತನ್ನಿ. ಒಣ ಟಾರಿನಲ್ಲಿ ಫೋರ್‌ವೀಲ್ ಹಾಕಿ ತಿರುವು ತೆಗೆದರೆ ಡ್ರೈವ್‌ಲೈನ್ (ಗೇರ್ ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟು, ಗೇರುಗಳು) ಬಿಗಿದುಕೊಳ್ಳುತ್ತದೆ.

ಆಟೋ ಹಬ್‌ಗಳಲ್ಲಿ ಎರಡು ಬಗೆ. ಕ್ಯಾಮ್ ಇರುವ ಹಬ್, ಆಕ್ಸಲ್ ತಿರುಗಿದಾಗ ಕಚ್ಚಿಕೊಳ್ಳುತ್ತದೆ. ಬಿಡಿಸಲು ಗಾಡಿ ನಿಲ್ಲಿಸಿ, ಟೂ ವೀಲ್‌ಗೆ ಹಾಕಿ, ನೇರವಾಗಿ ಎರಡು ಮೂರು ಮೀಟರ್ ಹಿಂದಕ್ಕೆ ಬರಬೇಕು. ಇದರ ದೌರ್ಬಲ್ಯವೂ ಅಲ್ಲೇ ಇದೆ: ಹೂತ ಗಾಡಿಯನ್ನು ಹಿಂದೆ ಮುಂದೆ ತೂಗಿಸುವಾಗ ದಿಕ್ಕು ಬದಲಾದಂತೆಲ್ಲ ಹಬ್ ಬಿಟ್ಟು ಕಚ್ಚುತ್ತದೆ, ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಇನ್ನೊಂದು ಬಗೆ ವ್ಯಾಕ್ಯೂಮ್ ಹಬ್, ಪೈಪಿನಲ್ಲಿ ಗಾಳಿ ಹೀರಿ ಲಾಕ್ ಆಗುವಂಥದು. ಅದಕ್ಕೆ ಈ ಕಾಟವಿಲ್ಲ. ಆದರೆ ರಬ್ಬರ್ ಪೈಪು ಬಿರಿದರೆ, ಹಬ್ಬಿನ ಸೀಲಿನಲ್ಲಿ ನೀರು ಹೊಕ್ಕರೆ ಲಾಕ್ ಆಗುವುದಿಲ್ಲ. ತೋಡು ದಾಟುವ ಗಾಡಿಯಾದರೆ ಮಳೆಗಾಲಕ್ಕೆ ಮೊದಲು ಪೈಪುಗಳ ತುದಿ ನೋಡಿ.

ಪರೀಕ್ಷೆ ಸುಲಭ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಕೈಹಬ್ ಇದ್ದರೆ ಎರಡೂ ಲಾಕ್ ಮಾಡಿ, ಎಂಜಿನ್ ನಿಲ್ಲಿಸಿ, ಫೋರ್‌ವೀಲ್ ಮತ್ತು ಒಂದನೇ ಗೇರಿನಲ್ಲಿ ಬಿಡಿ. ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿ. ಸ್ವಲ್ಪ ಅಲ್ಲಾಡಿ ನಿಂತರೆ ಸರಿ. ಸಲೀಸಾಗಿ ತಿರುಗಿದರೆ ಎರಡರಲ್ಲಿ ಯಾವುದೋ ಒಂದು ಹಬ್ ಕಚ್ಚಿಲ್ಲ, ಎರಡನ್ನೂ ಬಿಚ್ಚಿ. ಎತ್ತಿದ ಬದಿ ಫ್ರೀ ಮಾಡಿದ ಮೇಲೂ ತಿರುಗದಿದ್ದರೆ ಆ ಹಬ್ಬೇ ಜಾಮ್.

ಬಿಚ್ಚಿದಾಗ ಕೆಂಪು ಮಣ್ಣಿನ ಕೆಸರು ತೊಳೆದು, ತೆಳುವಾಗಿ ಗ್ರೀಸ್ ಸವರಿ. ಬೇರಿಂಗಿಗೆ ತುಂಬುವಂತೆ ತುಂಬಿದರೆ ಸ್ಪ್ರಿಂಗ್ ಅಂಟಿಕೊಂಡು ಕೆಲಸ ಮಾಡದು. ಬಿಚ್ಚಿದ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದರೆ ಮುಂದಿನ ತೋಡಿನಲ್ಲೇ ನೀರು ಒಳಗೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ನಾಲ್ಕೈದು ಕಿಲೋಮೀಟರ್ ಟೂ ವೀಲ್‌ನಲ್ಲೇ ಓಡಿಸಿ, ಮುಂದಿನ ಡಿಫರೆನ್ಷಿಯಲ್ಲಿನ ಎಣ್ಣೆ ಆಡಲಿ.