ಥೆರಪಿಗೆ ಮೊದಲ ಸಲ ಹೋಗುತ್ತಿದ್ದೀರಾ? ಹೀಗೆ ಶುರು ಮಾಡಿ

ಮೊದಲ ಸಲ ಥೆರಪಿಗೆ ಹೋದಾಗ ನಾನು ಮುಕ್ಕಾಲು ಗಂಟೆ ನಿದ್ದೆ ಬರಲ್ಲ, ಕೆಲಸ ಜಾಸ್ತಿ ಅಂತಲೇ ಮಾತಾಡಿದೆ. ಸಮಯ ಮುಗಿಯಿತು. ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದವಳು ತಿರುಗಿ, "ಅಪ್ಪ ಹೋದ ಮೇಲೆ ನಾನು ಒಂದು ಸಲವೂ ಅತ್ತಿಲ್ಲ" ಅಂದೆ. ಥೆರಪಿಸ್ಟ್ ಮೆಲ್ಲಗೆ, "ಮುಂದಿನ ವಾರ ಇಲ್ಲಿಂದಲೇ ಶುರು ಮಾಡೋಣವಾ?" ಎಂದು ಕೇಳಿದರು.

ಇದು ನನ್ನೊಬ್ಬಳ ಅನುಭವವಲ್ಲ. ಹೇಳಲೇಬೇಕಾದ ಮಾತು ಹೊರಡುವ ಹೊತ್ತಿಗೆ ಬಾಯಿಗೆ ಬರುವುದನ್ನು ಥೆರಪಿಸ್ಟ್‌ಗಳು ದಿನವೂ ನೋಡುತ್ತಾರೆ. ನಿಮ್ಮ ಮಾತು ಬಾಗಿಲವರೆಗೆ ಕಾಯದೆ, ಕುರ್ಚಿಯಲ್ಲಿ ಕೂತಿರುವಾಗಲೇ ಬರಲಿ ಅನ್ನುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹೋಗಬೇಕಾ ಬೇಡವಾ?

ಬೇಜಾರು, ಭಯ, ಸಿಟ್ಟು ಎಲ್ಲರಿಗೂ ಬರುತ್ತದೆ. ಆದರೆ ಅದು ವಾರಗಟ್ಟಲೆ ಬಿಡದೆ ಕಾಡುತ್ತಿದ್ದರೆ, ನಿದ್ದೆ, ಊಟ, ಕೆಲಸ, ಮನೆಯವರ ಜೊತೆಗಿನ ಮಾತು ಎಲ್ಲವೂ ಕೆಡುತ್ತಿದ್ದರೆ ಹೋಗಿ. ಖಿನ್ನತೆ ಎಷ್ಟಿದೆ ಅಂತ ತಿಳಿಯಲು ಬಳಸುವ ಪಿಎಚ್‌ಕ್ಯೂ-9 ಎಂಬ 9 ಪ್ರಶ್ನೆಗಳ ಪಟ್ಟಿಯೂ ಕಳೆದ 2 ವಾರ ಹೇಗಿತ್ತು ಎಂದೇ ಕೇಳುತ್ತದೆ. ಜೊತೆಗೆ ಒಮ್ಮೆ ವೈದ್ಯರಿಗೂ ತೋರಿಸಿ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಮಂಕು, ನಿರಾಸಕ್ತಿ ಕಾಣಿಸಿಕೊಳ್ಳುತ್ತದೆ.

ಸಾಯಬೇಕು ಅನ್ನಿಸುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಒಬ್ಬರೇ ಇರಬೇಡಿ.

ಯಾರ ಹತ್ತಿರ?

ಮನೋವೈದ್ಯರು ಎಂಬಿಬಿಎಸ್‌ನಂಥ ವೈದ್ಯಕೀಯ ಓದು ಮುಗಿಸಿದವರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತಿನ ಚಿಕಿತ್ಸೆಯಲ್ಲೇ ತರಬೇತಿ ಪಡೆದವರು. ಮಾತ್ರೆ ಮತ್ತು ಥೆರಪಿ ಎರಡೂ ಒಟ್ಟಿಗೆ ನಡೆಯಬಹುದು. ಥೆರಪಿ ಶುರುವಾಯಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಫೋನಿನಲ್ಲೇ ಕೇಳಿ: ಏನು ಓದಿದ್ದೀರಿ, ನೋಂದಣಿ ಇದೆಯಾ, ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ, ಯಾವ ವಿಧಾನ ಬಳಸುತ್ತೀರಿ? ಸರಿಯಾದ ಥೆರಪಿಸ್ಟ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಇಷ್ಟು ದಿನದಲ್ಲಿ ವಾಸಿ ಮಾಡುತ್ತೇನೆ ಎಂದು ಗ್ಯಾರಂಟಿ ಕೊಟ್ಟರೆ ಬೇರೆಯವರನ್ನು ಹುಡುಕಿ.

ಮೊದಲ ದಿನ

ಒಂದು ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಮೊದಲ ದಿನ ಅವರೇ ಜಾಸ್ತಿ ಪ್ರಶ್ನೆ ಕೇಳುತ್ತಾರೆ. ತೊಂದರೆ ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿದ್ದಾರೆ, ಹಿಂದೆ ಚಿಕಿತ್ಸೆ ಆಗಿದೆಯಾ. ನೀವು ಹೇಳಿದ್ದು ಗುಟ್ಟಾಗಿರುತ್ತದೆ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಕಾನೂನು ಕೇಳಿದರೆ ಹೇಳಬೇಕಾಗಬಹುದು. ಯಾವುದು ಗುಟ್ಟು, ಯಾವುದು ಅಲ್ಲ ಅಂತ ಆವತ್ತೇ ಕೇಳಿ ತಿಳಿದುಕೊಳ್ಳಿ.

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಎರಡೇ ಸಾಲು ಬರೆಯಿರಿ. ನನಗೆ ಏನಾಗುತ್ತಿದೆ? ಯಾವ ಮಾತನ್ನು ಹೇಳೋಕೆ ಹೆದರಿಕೆ? ಎರಡನೇ ಸಾಲು ಮುಖ್ಯ. ಬಾಯಿ ಬಿಡಲು ಆಗದಿದ್ದರೆ ಚೀಟಿಯನ್ನೇ ಅವರ ಕೈಗೆ ಕೊಡಿ. ಅದೂ ಆಗದಿದ್ದರೆ, "ಹೇಳಬೇಕಾದ್ದು ಒಂದಿದೆ, ಇವತ್ತು ಆಗ್ತಿಲ್ಲ" ಅನ್ನಿ. ಅಷ್ಟು ಹೇಳಿದರೂ ಆ ದಿನದ ಕೆಲಸ ಆದಂತೆ. ಸುಮ್ನೆ ಕೂತಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ. ಅತ್ತರೂ ಅಷ್ಟೇ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. 'ಮಾತಿನ ಚಿಕಿತ್ಸೆ' ಅನ್ನುವ ಹೆಸರು ಕೊಟ್ಟಿದ್ದು ವೈದ್ಯರಲ್ಲ, ಅವರ ಬಳಿ ಬಂದಿದ್ದ ಯುವತಿ. ವಿಯೆನ್ನಾದಲ್ಲಿ 1880ರಿಂದ 1882ರವರೆಗೆ ಜೋಸೆಫ್ ಬ್ರಾಯರ್ ಎಂಬ ವೈದ್ಯರ ಚಿಕಿತ್ಸೆಯಲ್ಲಿದ್ದ ಬರ್ತಾ ಪ್ಯಾಪನ್‌ಹೈಮ್. ಅವರು ಅದನ್ನು ಹೊಗೆಗೂಡು ಗುಡಿಸುವುದು ಅಂತಲೂ ಕರೆದಿದ್ದರು.

ಒಳಗೆ ನಡೆಯುವುದೇನು?

ಬರೀ ಗೋಳು ಹೇಳಿಕೊಂಡು ಬರುವುದಲ್ಲ. ವಿಧಾನಗಳು ಹಲವು. ಗೀಳು ಕಾಯಿಲೆಗೆ, ಕೈ ತೊಳೆಯಬೇಕು ಅನ್ನಿಸಿದರೂ ತೊಳೆಯದೆ ಆ ಆತಂಕದ ಜೊತೆ ಇರುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ. ಸಾವು, ಜಗಳ, ಬದುಕಿನ ದೊಡ್ಡ ಬದಲಾವಣೆಯಿಂದ ಕುಗ್ಗಿದವರಿಗೆ ಸಂಬಂಧಗಳ ಮೇಲೆ ಗಮನವಿಡುವ ಥೆರಪಿ ಇದೆ. ಬಾಲ್ಯದಿಂದ ಬಂದ ರೀತಿನೀತಿಗಳನ್ನು ಹುಡುಕುತ್ತಾ ವರ್ಷಗಟ್ಟಲೆ ನಡೆಯುವಂಥದ್ದೂ ಇದೆ.

ಹೆಚ್ಚು ಕೇಳಿಬರುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಗಾಗಿ ರೂಪಿಸಿದ ಚಿಕಿತ್ಸೆ ಇದರ ಬುಡ. ಸಾಮಾನ್ಯವಾಗಿ 12ರಿಂದ 20 ಸೆಷನ್. ಅದು ಹೇಗಿರುತ್ತದೆ ನೋಡಿ.

ಗೆಳತಿಗೆ ಮೆಸೇಜ್ ಕಳಿಸಿದ್ದೀರಿ. ಅವಳು ನೋಡಿದ್ದಾಳೆ, ಉತ್ತರವಿಲ್ಲ. ಎರಡು ಗಂಟೆಯಾಯಿತು. ಎದೆ ಡವಡವ. 'ನಾನೇ ಏನೋ ತಪ್ಪು ಮಾತಾಡಿದ್ದೀನಿ, ಇನ್ನು ಅವಳಿಗೆ ನಾನು ಬೇಡ' ಅಂತ ಮನಸ್ಸು ತೀರ್ಪು ಕೊಟ್ಟಾಯಿತು. ಇದನ್ನು ಥೆರಪಿಸ್ಟ್ ಹಾಳೆಯ ಮೇಲೆ ಬರೆಸುತ್ತಾರೆ. ನಡೆದದ್ದೇನು? ಬಂದ ಯೋಚನೆ ಏನು? 100ಕ್ಕೆ ಎಷ್ಟು ನಂಬಿದ್ದೀರಿ? ನೀವು 90 ಅನ್ನುತ್ತೀರಿ. ಅದಕ್ಕೆ ಆಧಾರ ಏನಿದೆ? ಅದು ಸುಳ್ಳು ಅನ್ನೋಕೆ ಏನಿದೆ? ಆಗ ನೆನಪಾಗುತ್ತದೆ, ಈ ವಾರ ಅವಳ ಮಗುವಿಗೆ ಜ್ವರ. ಹೋದ ಸಲವೂ ಮಾರನೇ ದಿನ ಉತ್ತರಿಸಿದ್ದಳು. ಈಗ ಎಷ್ಟು ನಂಬುತ್ತೀರಿ? 50 ಇರಬಹುದು. ಸೊನ್ನೆಗೆ ಇಳಿಯಲೇಬೇಕು ಅಂತಿಲ್ಲ. 'ಒಳ್ಳೆಯದನ್ನೇ ಯೋಚಿಸು' ಅನ್ನುವ ಬುದ್ಧಿಮಾತು ಇದಲ್ಲ. ನಿಮ್ಮ ಯೋಚನೆಯನ್ನು ನೀವೇ ಪರೀಕ್ಷೆ ಮಾಡುತ್ತಿದ್ದೀರಿ, ಅಲ್ವಾ?

ಇಂಥ ಹಾಳೆಗಳನ್ನು ವಾರವಿಡೀ ಮನೆಯಲ್ಲಿ ತುಂಬಬೇಕು. ವಾರದಲ್ಲಿ 168 ಗಂಟೆ, ಥೆರಪಿಸ್ಟ್ ಎದುರು ಇರುವುದು ಒಂದಕ್ಕಿಂತ ಕಡಿಮೆ. ಬರೆಯಲು ಆಗದಿದ್ದರೆ ಆಗಲಿಲ್ಲ ಅಂತಲೇ ಹೇಳಿ, ನೆಪ ಹುಡುಕಬೇಡಿ. ಏಕೆ ಆಗಲಿಲ್ಲ ಅನ್ನುವುದರಲ್ಲೇ ಎಷ್ಟೋ ಸಲ ವಿಷಯ ಇರುತ್ತದೆ.

ಸರಿಹೋಗುತ್ತಿಲ್ಲ ಅನ್ನಿಸಿದರೆ

ಭಾರದ ವಿಷಯ ಮಾತಾಡಿದ ದಿನ ಮನಸ್ಸು ಇನ್ನೂ ಕುಗ್ಗಬಹುದು, ಅದು ಸಹಜ. ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋದರೆ ಹೇಳಿ. "ನೀವು ಅಂದದ್ದು ನನಗೆ ನೋವಾಯಿತು", "ಇದರಿಂದ ಉಪಯೋಗ ಕಾಣ್ತಿಲ್ಲ" ಅನ್ನುವುದು ತುಂಬಾ ಕಷ್ಟ. ನಾವು ಏನು ಮಾಡುತ್ತೇವೆ? ಸುಮ್ನೆ ಹೋಗುವುದು ನಿಲ್ಲಿಸಿ, ಫೋನ್ ಎತ್ತುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಮುಖ ನೋಡಿ ಹೇಳಿ. ಒಳ್ಳೆಯ ಥೆರಪಿಸ್ಟ್ ಕೇಳಿಸಿಕೊಂಡು ದಾರಿ ಬದಲಿಸುತ್ತಾರೆ, ಇಲ್ಲವೇ ಬೇರೆಯವರನ್ನು ಸೂಚಿಸುತ್ತಾರೆ. ಆದರೆ ಥೆರಪಿಸ್ಟ್ ನಿಮ್ಮ ಜೊತೆ ಪ್ರೇಮ ಅಥವಾ ದೈಹಿಕ ಸಂಬಂಧಕ್ಕೆ ಮುಂದಾದರೆ ಮಾತುಕತೆ ಬೇಕಿಲ್ಲ. ಎದ್ದು ಬನ್ನಿ, ದೂರು ಕೊಡಿ. ಅದು ಯಾವ ಕಾರಣಕ್ಕೂ ಚಿಕಿತ್ಸೆಯಲ್ಲ.

ಮುಗಿಸುವಾಗ

ಹುಷಾರಾಗುತ್ತಾ ಬಂದಂತೆ ವಾರಕ್ಕೊಂದು ಇದ್ದ ಸೆಷನ್ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಹೋಗುತ್ತದೆ. ಕೊನೆಯ ಸೆಷನ್‌ನಲ್ಲಿ ಇಬ್ಬರೂ ಕೂತು ತೊಂದರೆ ಮರುಕಳಿಸುವ ಗುರುತುಗಳನ್ನು ಬರೆದಿಟ್ಟುಕೊಳ್ಳಿ. ನನ್ನ ಪಟ್ಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ರಾತ್ರಿ 3ಕ್ಕೆ ಎಚ್ಚರ. ತಂಗಿಯ ಫೋನ್ ಎತ್ತದಿರುವುದು. ಎಲ್ಲರಿಗೂ "ಚೆನ್ನಾಗಿದ್ದೀನಿ" ಅನ್ನುವುದು. ಅದರ ಕೆಳಗೆ, ಇದರಲ್ಲಿ ಎರಡು ಕಂಡರೆ ಕರೆ ಮಾಡು ಅಂತ ಬರೆದು, ಥೆರಪಿಸ್ಟ್ ನಂಬರ್ ಹಾಕಿದ್ದೇನೆ.