ಸಣ್ಣ ಟ್ರೇಲರ್ ಎಳೆಯುವಾಗ ತೂಕದ ಹಂಚಿಕೆಗೆ ಗಮನ ಕೊಡಿ

ಕಾಂಪ್ಯಾಕ್ಟ್ ಎಸ್‌ಯುವಿಗೆ ಟ್ರೇಲರ್ ಜೋಡಿಸುವವರು ಮೊದಲು ವಾಹನದ ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನು ನೋಡಬೇಕು. ಬ್ರೇಕ್ ಇಲ್ಲದ ಟ್ರೇಲರ್‌ಗೆ ಆ ಮಿತಿ ಸಾಮಾನ್ಯವಾಗಿ ಕಡಿಮೆ. ಆದರೆ ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಹೆಚ್ಚು ಕಡೆಗಣಿಸಲ್ಪಡುವುದು ತೂಕದ ಹಂಚಿಕೆ. ಟ್ರೇಲರ್‌ನ ಹಿಂಭಾಗದಲ್ಲಿ ಭಾರ ಹೆಚ್ಚಾದರೆ, ವೇಗ ಏರಿದಂತೆ ಅದು ಅತ್ತಿತ್ತ ತೂಗಾಡತೊಡಗಿ, ಹಗುರವಾದ ಕಾರನ್ನೂ ತನ್ನೊಂದಿಗೆ ಎಳೆದಾಡುತ್ತದೆ. ಆದ್ದರಿಂದ ಭಾರವಾದ ವಸ್ತುಗಳನ್ನು ತಳದಲ್ಲಿ, ಆಕ್ಸಲ್‌ನ (ಚಕ್ರಗಳನ್ನು ಜೋಡಿಸುವ ದಂಡದ) ಮೇಲೆ ಅಥವಾ ತುಸು ಮುಂದಕ್ಕೆ ಇರಿಸಿ ಬಿಗಿಯಾಗಿ ಕಟ್ಟಿ. ಟ್ರೇಲರ್‌ನ ಒಟ್ಟು ತೂಕದ ಸುಮಾರು ಶೇ 10ರಷ್ಟು, ಅದನ್ನು ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳಬೇಕೆಂಬುದು ರೂಢಿಯ ಲೆಕ್ಕವಾದರೂ, ಕೊಂಡಿಗೆ ತಯಾರಕರು ನಿಗದಿಪಡಿಸಿದ ಮಿತಿಯನ್ನು ಎಂದಿಗೂ ಮೀರಬಾರದು. ಸುರಕ್ಷತಾ ಸರಪಳಿ, ದೀಪ, ಟೈರ್‌ಗಳ ಗಾಳಿಯನ್ನು ಹೊರಡುವ ಮುನ್ನ ಪರೀಕ್ಷಿಸಿ. ದಾರಿಯಲ್ಲಿ ತೂಗಾಟ ಶುರುವಾದರೆ ದಯವಿಟ್ಟು ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿಯೇ ಇಳಿಯಲು ಬಿಡಿ.