ಮಣ್ಣಿನ ಡಿಎನ್‌ಎಗೆ ಐಟಿಎಸ್ ಬ್ಯಾಂಡ್ ಬರ್ತಿಲ್ವಾ? ನನಗೆ ಸರಿಹೋದದ್ದು ಹೀಗೆ

ಕಾಡುಮಣ್ಣಿನ ಶಿಲೀಂಧ್ರಗಳನ್ನು ಗುರುತಿಸಲು ಪ್ರಭೇದ ಹೇಳಬಲ್ಲ ಐಟಿಎಸ್ ಎಂಬ ಡಿಎನ್‌ಎ ಭಾಗಕ್ಕೆ ಐಟಿಎಸ್1ಎಫ್, ಐಟಿಎಸ್4 ಪ್ರೈಮರ್ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಡಿಎನ್‌ಎ ತುಣುಕು) ಹಾಕಿ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ವಿಧಾನ) ಮಾಡುತ್ತಿದ್ದೆ. ಪಾಸಿಟಿವ್ ಕಂಟ್ರೋಲ್‌ಗೆ (ಖಂಡಿತ ಕೆಲಸ ಮಾಡುವ ಡಿಎನ್‌ಎ ಇರುವ ಟ್ಯೂಬ್) ಜೆಲ್‌ನಲ್ಲಿ ಬ್ಯಾಂಡ್, ಅಂದರೆ ನಕಲಾದ ಡಿಎನ್‌ಎಯ ಗೆರೆ, ಬರುತ್ತಿತ್ತು, ಮಣ್ಣಿನ ಸ್ಯಾಂಪಲ್‌ಗಳ ಲೇನ್ ಮಾತ್ರ ಖಾಲಿ. ಕ್ಯೂಬಿಟ್‌ನಲ್ಲಿ (ಡಿಎನ್‌ಎ ಪ್ರಮಾಣ ಅಳೆಯುವ ಯಂತ್ರ) ಡಿಎನ್‌ಎ ಸಾಕಷ್ಟು ತೋರಿಸುತ್ತಿತ್ತು. ಆದರೆ ಟ್ಯೂಬಿನಲ್ಲಿ ತಿಳಿ ಚಹಾದ ಬಣ್ಣ, ಡಿಎನ್‌ಎಯ ಶುದ್ಧತೆ ತೋರಿಸುವ 260/230 ಅನುಪಾತ 1ಕ್ಕಿಂತ ಕಡಿಮೆ, ಅಂದರೆ ಕಲ್ಮಶ ಇದೆ.

ಅನೀಲಿಂಗ್ (ಪ್ರೈಮರ್ ಡಿಎನ್‌ಎಗೆ ಅಂಟುವ) ತಾಪಮಾನ ಇಳಿಸಿದೆ, ಸೈಕಲ್ 40ಕ್ಕೆ ಏರಿಸಿದೆ (ಸುಮ್ನೆ ಏರಿಸಬೇಡಿ, ಕೈಮೆರಾ, ಅಂದರೆ ಬೇರೆ ಬೇರೆ ಡಿಎನ್‌ಎ ಬೆರೆತ ಸುಳ್ಳು ನಕಲು, ಜಾಸ್ತಿಯಾಗುತ್ತದೆ), ಡಿಎನ್‌ಎ ಹೆಚ್ಚು ಹಾಕಿದೆ. ಯಾವುದೂ ಆಗಲಿಲ್ಲ. ಶುದ್ಧಮಾಡಲು ಎಥನಾಲ್ ಹಾಕಿ ಡಿಎನ್‌ಎಯನ್ನು ಮತ್ತೆ ತಳಕ್ಕೆ ಇಳಿಸಿದರೆ ಬಣ್ಣವೂ ಜೊತೆಗೇ ಬಂತು.

ಆಮೇಲೆ ಪಾಸಿಟಿವ್ ಕಂಟ್ರೋಲ್ ಟ್ಯೂಬಿಗೇ 1 ಮೈಕ್ರೋಲೀಟರ್ ಮಣ್ಣಿನ ಡಿಎನ್‌ಎ ಸೇರಿಸಿ ನೋಡಿದೆ. ಆ ಬ್ಯಾಂಡೂ ಮಾಯ! ಅಂದರೆ ಪ್ರೈಮರ್ ಸರಿ ಇದೆ, ಮಣ್ಣಿನಿಂದ ಜೊತೆಗೇ ಬಂದ ಕಂದು ಬಣ್ಣದ ಹ್ಯೂಮಿಕ್ ಆಮ್ಲ ಪಾಲಿಮರೇಸನ್ನು (ಡಿಎನ್‌ಎ ನಕಲು ಮಾಡುವ ಕಿಣ್ವ) ತಡೆಯುತ್ತಿದೆ. ಈ ಪರೀಕ್ಷೆಯನ್ನೇ ಮೊದಲು ಮಾಡಿ.

ಕೆಲಸ ಮಾಡಿದ ಕ್ರಮ: ಡಿಎನ್‌ಎಯನ್ನು ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಇಲ್ಲದ ನೀರಲ್ಲಿ 10 ಪಟ್ಟು ತೆಳುಮಾಡಿ. 25 ಮೈಕ್ರೋಲೀಟರ್ ರಿಯಾಕ್ಷನ್‌ಗೆ ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವ ಬಿಎಸ್‌ಎ (ಹ್ಯೂಮಿಕ್ ಆಮ್ಲವನ್ನು ಹಿಡಿದುಕೊಳ್ಳುವ ಪ್ರೋಟೀನ್) 0.5 ಮೈಕ್ರೋಲೀಟರ್. ಅದನ್ನು ಮಾಸ್ಟರ್‌ಮಿಕ್ಸ್‌ಗೇ (ಡಿಎನ್‌ಎ ಬಿಟ್ಟು ಉಳಿದೆಲ್ಲ ಸೇರಿದ ಮಿಶ್ರಣ) ಸೇರಿಸಿ, ತೆಳುಮಾಡಿದ ಡಿಎನ್‌ಎ 1 ಮೈಕ್ರೋಲೀಟರ್ ಕೊನೆಗೆ ಹಾಕಿ. 95 ಡಿಗ್ರಿ 3 ನಿಮಿಷ. ನಂತರ 95 ಡಿಗ್ರಿ 30 ಸೆಕೆಂಡ್, 55 ಡಿಗ್ರಿ 30 ಸೆಕೆಂಡ್, 72 ಡಿಗ್ರಿ 1 ನಿಮಿಷ, ಹೀಗೆ 35 ಸೈಕಲ್. ಕೊನೆಗೆ 72 ಡಿಗ್ರಿ 10 ನಿಮಿಷ.

ಬ್ಯಾಂಡ್ ಸ್ವಲ್ಪ ಅಗಲವಾಗಿ ಹರಡಿರುತ್ತದೆ, ಐಟಿಎಸ್ ಉದ್ದ ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಅಲ್ವಾ. ತೀರಾ ಕಪ್ಪು ಮಣ್ಣಾದರೆ 50 ಪಟ್ಟು ತೆಳುಮಾಡಬೇಕಾಗಬಹುದು, ಆದರೆ ಅಪರೂಪದ ಪ್ರಭೇದಗಳು ತಪ್ಪಿಹೋಗುತ್ತವೆ. ನೆಗೆಟಿವ್ ಕಂಟ್ರೋಲ್‌ಗೂ (ಡಿಎನ್‌ಎ ಹಾಕದ ಟ್ಯೂಬ್) ಅದೇ ಬಿಎಸ್‌ಎ ಹಾಕಿ, ಬಿಎಸ್‌ಎಯಲ್ಲೇ ಹೊರಗಿನ ಡಿಎನ್‌ಎ ಇದ್ದರೆ ಅಲ್ಲೇ ಗೊತ್ತಾಗುತ್ತದೆ.